ಠ ಒಳಗಿನ ಚುಕ್ಕೆ

ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಈಗ ಯಾವ ಹೊಸ ಮನೆ ನೋಡಿ, ಬಾಗಿಲಿಗೆ ಸಿಎನ್‌ಸಿ ಕೆತ್ತನೆ, ಗೋಡೆಗೆ ಅಕ್ರಿಲಿಕ್ ಅಕ್ಷರದ ಹೆಸರು. "ಕಂಪ್ಯೂಟರಿಗೆ ಚಿತ್ರ ಹಾಕಿದರೆ ಅದೇ ಕೊರೆಯುತ್ತೆ" ಅಂತಾರೆ ಜನ. ಅಷ್ಟು ಸಲೀಸಾಗಿದ್ದಿದ್ದರೆ ಇನ್ನೇನು ಬೇಕಿತ್ತು, ಅಲ್ವಾ?

ಇಂಕ್‌ಸ್ಕೇಪ್ ಅನ್ನೋದು ಚಿತ್ರ ಬಿಡಿಸೋ ಸಾಫ್ಟ್‌ವೇರ್, ದುಡ್ಡಿಲ್ಲದೆ ಸಿಗುತ್ತೆ. ಅದರೊಳಗೆ ಜಿ-ಕೋಡ್‌ಟೂಲ್ಸ್ ಅನ್ನೋ ಎಕ್ಸ್‌ಟೆನ್ಷನ್. ನಾವು ಎಳೆದ ಬಳುಕು ಗೆರೆ ಕೊರೆಯೋ ಯಂತ್ರಕ್ಕೆ, ಅಂದರೆ ರೌಟರಿಗೆ, ಹಾಗೇ ತಿಳಿಯೋಲ್ಲ. ಅದಕ್ಕೆ ಗೊತ್ತಿರೋದು ಜಿ-ಕೋಡ್ ಅನ್ನೋ ಆಜ್ಞೆಗಳು: ನೇರ ಹೋಗೋ ಜಿ-1, ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತೋ ಜಿ-2, ಎದುರು ದಿಕ್ಕಿಗೆ ಸುತ್ತೋ ಜಿ-3. ಎಕ್ಸ್‌ಟೆನ್ಷನ್ ಕೂತು ಒಂದೊಂದು ಬಳುಕನ್ನೂ ಪುಟ್ಟ ಪುಟ್ಟ ಕಮಾನುಗಳಾಗಿ ಒಡೆದು ಬರೆದುಕೊಡುತ್ತೆ. ಆದರೆ ಅಳತೆಯ ಸೊನ್ನೆ ಎಲ್ಲಿ, ಕೊರೆಯೋ ಬಿಟ್ ಎಷ್ಟು ದಪ್ಪ, ಒಂದು ಸಲಕ್ಕೆ ಎಷ್ಟು ಆಳ ಇಳೀಬೇಕು, ಅದೆಲ್ಲ ನಾವೇ ಹೇಳಬೇಕು. ಹೇಳೋ ರೀತಿನೂ ಮಜಾ. ಬಿಟ್ಟಿನ ಲೆಕ್ಕವೆಲ್ಲ ಚಿತ್ರದ ಪಕ್ಕದಲ್ಲೇ ಬಣ್ಣದ ಪಟ್ಟಿಯಾಗಿ ಬಂದು ಕೂರುತ್ತೆ, ಅಕ್ಷರ ತಿದ್ದೋ ಹಾಗೆ ಅಲ್ಲೇ ಅಂಕಿ ತಿದ್ದಬೇಕು. ಕೊನೆಗೆ ಅಪ್ಲೈ ಒತ್ತೋವಾಗ 'ಪಾತ್ ಟು ಜಿ-ಕೋಡ್' ಟ್ಯಾಬೇ ತೆರೆದಿರಬೇಕು. ಪಕ್ಕದ ಪ್ರಿಫರೆನ್ಸಸ್ ಟ್ಯಾಬಿನಲ್ಲಿದ್ದು ಒತ್ತಿದಿರೋ, ಸರಿಯಾದ ಟ್ಯಾಬಿಗೆ ಹೋಗಿ ಅಂತ ಬುದ್ಧಿ ಹೇಳಿ ಸುಮ್ಮನಾಗುತ್ತೆ.

ಚಿತ್ರ ಹೀಗೆ ಜಿ-ಕೋಡ್ ಆಗೋದನ್ನ ನೋಡಿದಾಗೆಲ್ಲ ನನಗೆ ದೊಡ್ಡಬಳ್ಳಾಪುರದ ಮಗ್ಗಗಳ ಜ್ಞಾಪಕ. ಬೀದಿ ತುಂಬ ಅವುಗಳದೇ ಸದ್ದು. ಮಗ್ಗದ ನೆತ್ತಿಯಲ್ಲಿ ಜಕಾರ್ಡ್ ಅನ್ನೋ ಯಂತ್ರ, ಅದರಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಸರ. ಸೀರೆಯ ಸೆರಗಿನ ನವಿಲನ್ನ ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿ, ಆಮೇಲೆ ಕಾರ್ಡಿಗೆ ತೂತು ಹೊಡೀತಿದ್ದರು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತೆ, ಇಲ್ಲದ ಕಡೆ ಕೆಳಗೇ ಉಳಿಯುತ್ತೆ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಜಕಾರ್ಡ್ 1804ರ ಹೊತ್ತಿಗೆ ಮಾಡಿದ ಉಪಾಯ ಅದು. ಚಿತ್ರವನ್ನ ಯಂತ್ರಕ್ಕೆ ತಿಳಿಯೋ ಹಾಗೆ ಬಿಡಿಸಿ ಹೇಳೋ ವಿದ್ಯೆ ನಮ್ಮ ನೇಕಾರರಿಗೆ ಹೊಸದೇನಲ್ಲ, ನೋಡಿ. ಅವರ ಮನೆ ಮಕ್ಕಳು ರೌಟರ್ ಮುಂದೆ ಕೂತರೆ ಕೈ ಬೇಗ ಕುದುರುತ್ತೆ ಅಂತಲೇ ನನ್ನ ನಂಬಿಕೆ.

ಎಲ್ಲಿದ್ದೆ... ಹಾಂ, ಅಕ್ಷರ. 'ದೊಡ್ಡಬಳ್ಳಾಪುರ' ಅಂತಲೇ ಕೊರೆಸಿ ಅಂದುಕೊಳ್ಳಿ. ಮೊದಲು ಅಕ್ಷರವನ್ನ ಪಾತ್, ಅಂದರೆ ಬರೀ ಗೆರೆ, ಮಾಡಬೇಕು. ಕೆಲವು ಫಾಂಟುಗಳಲ್ಲಿ ಒತ್ತು ತನ್ನ ಅಕ್ಷರದ ಮೇಲೇ ಒಂಚೂರು ಹತ್ತಿ ಕೂತಿರುತ್ತೆ. ಪರದೆಯಲ್ಲಿ ಅದು ಕಾಣೋಲ್ಲ, ರೌಟರ್ ಮಾತ್ರ ಎರಡು ಗೆರೆಯನ್ನೂ ಚಾಚೂ ತಪ್ಪದೆ ಕೊರೆಯುತ್ತೆ, ಅಕ್ಷರದ ನಡುವೇ ಗಾಯ. ಅದಕ್ಕೇ ಯೂನಿಯನ್ ಕೊಟ್ಟು ಎರಡನ್ನೂ ಬೆಸೆದುಕೋಬೇಕು. ಕೊರೆಯೋವಾಗ ಒಳಗಿನ ಗೆರೆ ಮೊದಲು, ಹೊರಗಿನದು ಆಮೇಲೆ. ಹೊರಗಿನದು ಮೊದಲು ಕಿತ್ತುಬಂದರೆ ತುಂಡು ಅಲ್ಲಾಡಿ ಒಳಗಿನದೆಲ್ಲ ಸೊಟ್ಟ ಆಗುತ್ತಲ್ಲ.

ಇನ್ನು ಠ. ಅದರ ನಡುವಿನ ಚುಕ್ಕೆಗೆ ಯಾರ ಆಸರೆಯೂ ಇಲ್ಲ, ಕೊರೆದ ತಕ್ಷಣ ಬಿಡಿಯಾಗಿ ಪುಡಿಯೊಳಗೆ ಸೇರಿಬಿಡುತ್ತೆ. ಅದು ಹೋದರೆ 'ಮಠ' ಅಂತ ಬರೆಸಿದ್ದು 'ಮರ' ಆಯ್ತು! ಅಕ್ರಿಲಿಕ್ ಹಾಳೆಯ ಅಡಿಗೆ ಎರಡೂ ಕಡೆ ಅಂಟೋ ಟೇಪ್ ಹಾಕಿದರೆ ಚುಕ್ಕೆ ಅಲ್ಲೇ ನಿಲ್ಲುತ್ತೆ. ನಿಮ್ಮ ಬೋರ್ಡಿನಲ್ಲಿ ಠ ಇದ್ದರೆ ಅಂಗಡಿಯಲ್ಲಿ ಮೊದಲೇ ಹೇಳಿಡಿ, ಇನ್ನೊಂದು ಚುಕ್ಕೆ ಜಾಸ್ತಿ ಕೊರೆದುಕೊಡಿ ಅಂತ ಕೇಳಿ. ಮೂಲೆಯ ಚೂರಿನಲ್ಲೇ ಆಗುತ್ತೆ, ಇಲ್ಲ ಅನ್ನೋಲ್ಲ.