ಸೆಟ್ ಕಾಕಾ

ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ಒಬ್ಬ ಸೆಟ್ ಕಾಕಾ ಇದ್ದೇ ಇರುತ್ತಾರೆ. ವಿದ್ಯಾನಗರದಲ್ಲಿ ಅವರು ನಿವೃತ್ತ ಅಧಿಕಾರಿ, ಹಳೇ ಹುಬ್ಬಳ್ಳಿಯಲ್ಲಿ ಅರ್ಧ ಶಟರ್ ಎಳೆದ ಅಂಗಡಿಯ ಮಾಲೀಕ, ಗೋಕುಲ ರಸ್ತೆಯಲ್ಲಿ ‘ಸೈಟಿನ ವ್ಯವಹಾರ’. ಉದ್ಯೋಗ ಬೇರೆಬೇರೆ, ಮಾತು ಒಂದೇ: “ಚಿಂತಿ ಮಾಡಬ್ಯಾಡ್ರಿ, ಸೆಟ್ ಐತಿ.”

ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಹೋದ ವರ್ಷದ ಡೈರಿ. ಫೋನಿನಲ್ಲಿ ‘ವಾಲ್‌ಮನ್ ಹಳಬ’, ‘ವಾಲ್‌ಮನ್ ಹೊಸಬ’, ‘ಸಿಮೆಂಟ್ ಅಣ್ಣಾ’, ‘ಕನ್ಯಾ ಗದಗ’ ಎಂದೆಲ್ಲ ಹೆಸರುಗಳು. ಈ ಗದಗಿನ ಕನ್ಯೆಗೆ ಮದುವೆಯಾಗಿ ಎರಡು ಮಕ್ಕಳಾಗಿವೆ. ಕಾಕಾರ ಫೋನಿನಲ್ಲಿ ಮಾತ್ರ ಆಕೆ ಇನ್ನೂ ಕನ್ಯೆಯೇ.

ಇಂಗ್ಲಿಷರು ಇದೇ ಸೆಟ್ಟಿಗಾಗಿ ಬಹಳ ಬೆವರು ಸುರಿಸಿದ್ದಾರೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದನೆಯ ನಮೂದು ಇದರದೇ. ಕ್ರಿಯಾಪದವಾಗಿಯೇ 430 ಅರ್ಥ. ನುಡಿಗಟ್ಟುಗಳನ್ನೂ ಕೂಡಿಸಿ ಬಿಡಿಸಿ ಹೇಳಲು ಸುಮಾರು 60,000 ಪದ. ನಮ್ಮ ಕಿಟೆಲ್ ಸಾಹೇಬರು 1894ರಲ್ಲಿ ಇಡೀ ಕನ್ನಡಕ್ಕೆ ಕಟ್ಟಿಕೊಟ್ಟದ್ದೇ ಸುಮಾರು 70,000 ಪದಗಳ ನಿಘಂಟು! ಈಚೆಗೆ ‘ರನ್’ ಎಂಬುದು 645 ಅರ್ಥ ಹೊತ್ತು ಸೆಟ್ಟನ್ನು ಹಿಂದೆ ಹಾಕಿದೆಯಂತೆ. ಕಾಕಾರಿಗೆ ಇದನ್ನು ಹೇಳಿದಾಗ ಅವರು ಚಹಾದ ಬಸಿಯಿಂದ ಮುಖ ಎತ್ತಲಿಲ್ಲ. “ಅಷ್ಟೆಲ್ಲಾ ಅರ್ಥ ಇಟ್ಕೊಂಡು ಏನ್ ಮಾಡೂದೈತ್ರಿ? ನಮಗ ಒಂದ ಸಾಕು.”

ಒಂದೇ ಹೇಗೆ ಸಾಲುತ್ತದೆ ಎಂಬುದನ್ನು ನಾನು ದುರ್ಗದಬೈಲ್ ಹತ್ತಿರದ ಹೋಟೆಲೊಂದರಲ್ಲಿ ಪಕ್ಕದ ಟೇಬಲ್ಲಿಗೆ ಕುಳಿತು ನೋಡಿದ್ದೇನೆ. ಕಾಕಾರ ಎದುರಿಗೆ ಕುಂದಗೋಳದ ಕಡೆಯ ಒಬ್ಬ ರೈತ. ಹೊಲದ ಬೋರಿಗೆ ಕರೆಂಟಿನ ಲೈನ್ ಆಗಬೇಕು. ವಿದ್ಯುತ್ ಕಂಪನಿ ಹೆಸ್ಕಾಂನ ಕಡತದಲ್ಲಿ ಹೊಲದ ಪಂಪಿನ ಹೆಸರೇ ಐಪಿ ಸೆಟ್. 10 ಅಶ್ವಶಕ್ತಿಯವರೆಗೆ ಬಿಲ್ಲಿಲ್ಲ, ಹಾಗಾಗಿ ಆಸೆ ಸಹಜ. ಮಗ್ಗುಲಲ್ಲಿ ಎಂ.ಎ. ಮುಗಿಸಿದ ಹುಡುಗಿಯ ತಂದೆ. ಮಗಳು ಅಧ್ಯಾಪಕಿಯಾಗಲು ಕೆ-ಸೆಟ್ ಪರೀಕ್ಷೆ ಬರೆದಿದ್ದಾಳೆ. ಪರೀಕ್ಷೆಯ ಫಲಿತಾಂಶದಲ್ಲಿ ಕಾಕಾ ಏನು ಮಾಡಬಲ್ಲರು ಎಂದು ತಂದೆಗೂ ಗೊತ್ತಿಲ್ಲ, ಒಂದು ಮಾತು ಕಿವಿಯ ಮೇಲೆ ಹಾಕಿ ಹೋಗೋಣವೆಂದು ಬಂದಿದ್ದಾರೆ. ಫೋನಿನ ಆ ಕಡೆ ಬೀಗತನದ ಮಾತು. ಗಂಡಿನ ಸೋದರಮಾವ ಹೆಣ್ಣಿನವರು ಒಪ್ಪಿದರೋ ಇಲ್ಲವೋ ಎಂದು ಕೇಳುತ್ತಿದ್ದಾನೆ. ಅಷ್ಟರಲ್ಲಿ ಮಾಣಿ ಬಂದು ನಿಂತ.

“ಕಾಕಾ, ನಿಮಗ ಸೆಟ್ಟೋ, ಮಸಾಲಿನೋ?”

ಕಾಕಾ ಫೋನು ಕಿವಿಗೆ ಹಿಡಿದುಕೊಂಡೇ ಕೈ ಎತ್ತಿದರು. “ಸೆಟ್ಟ! ಸೆಟ್ಟ ಅಂತ ಎಷ್ಟ್ ಸಲ ಹೇಳ್ಬೇಕಪಾ?”

ರೈತ ಎದ್ದು ಕೈ ಮುಗಿದ. ಹುಡುಗಿಯ ತಂದೆಗೆ ಕಣ್ಣು ತುಂಬಿ ಬಂತು. ಫೋನಿನವನು “ಹಂಗಾರ ಛತ್ರ ಹಿಡೀತೇವ್ರಿ” ಎಂದು ಕೂಗಿದ್ದು ನನ್ನ ಟೇಬಲ್ಲಿಗೂ ಕೇಳಿಸಿತು. ಐದು ನಿಮಿಷದಲ್ಲಿ ಮೂರು ಮೆತ್ತನೆಯ ದೋಸೆ, ಸಾಗು, ಚಟ್ನಿ ಬಂದವು. ಆ ದಿನ ಸೆಟ್ ಆದದ್ದು ಅದೊಂದೇ.

ಇವರ ಮಾತಿಗೆ ವ್ಯಾಕರಣವೂ ಉಂಟು, ಹೊಸಬರು ತಿಳಿದಿರುವುದು ಒಳ್ಳೆಯದು. ‘ಸೆಟ್ ಮಾಡೂಣು’ ಎಂದರೆ ನೀವು ಹೇಳಿದ್ದನ್ನು ಕೇಳಿಸಿಕೊಂಡಿಲ್ಲ. ‘ಸೆಟ್ ಆಕ್ಕೈತಿ’ ಎಂದರೆ ಕೇಳಿಸಿಕೊಂಡು ಮರೆತಿದ್ದಾರೆ. ‘ಸೆಟ್ ಐತಿ’ ಎಂದರೆ ಫೋನು ಮಾಡಿದ್ದಾರೆ, ಆ ಕಡೆಯವರು ಎತ್ತಿಲ್ಲ. ‘ಸೆಟ್ ಆಗೇತಿ, ಆದ್ರ...’ ಎಂದು ಎಳೆದರೆ ಕೆಲಸ ಕೆಟ್ಟಿದೆ, ಬೇರೆ ದಾರಿ ಹುಡುಕಿಕೊಳ್ಳಿ. ‘ಸೆಟ್ ಆಗವಲ್ತು’ ಎಂಬ ಪ್ರಾಮಾಣಿಕ ರೂಪವನ್ನು ಅವರ ಬಾಯಲ್ಲಿ ಒಮ್ಮೆ ಮಾತ್ರ ಕೇಳಿದ್ದೇನೆ. ಅದೂ ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟಿನ ಬಗ್ಗೆ.

ಅಪ್ಪಿತಪ್ಪಿಯೂ ಅವರೆದುರು ‘ಸೆಟ್ಟಿಂಗ್’ ಅನ್ನಬೇಡಿ. ಬಾಲಕ್ಕೆ ‘ಇಂಗ್’ ಸೇರಿದರೆ ಅದು ರೊಕ್ಕದ ವ್ಯವಹಾರ, ಟೇಬಲ್ಲಿನ ಕೆಳಗಿನದು. ಕಾಕಾ ಆ ಪೈಕಿ ಅಲ್ಲ. ಅವರು ತೆಗೆದುಕೊಳ್ಳುವುದು ಚಹಾ, ನಾಷ್ಟಾ, ಸಂಜೆಯಾದರೆ ಒಂದು ಪ್ಲೇಟ್ ಗಿರ್ಮಿಟ್ ಮಿರ್ಚಿ. ಕೆಲಸ ಆಗದಿದ್ದಾಗ ಅವರಿಗೂ ಸಂಕಟವಾಗುತ್ತದೆ. ನಮ್ಮನ್ನು ಕಂಡರೆ ಆಚೆ ಓಣಿಯಿಂದ ಹೋಗುವುದು ಅದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ಜನ ಅವರ ಬಳಿಗೇಕೆ ಹೋಗುತ್ತಾರೆ ಎಂದರೆ, ಕಚೇರಿಗಳಲ್ಲಿ ‘ನಾಳಿ ಬರ್ರಿ’ ಕೇಳಿ ಕೇಳಿ ದಣಿದವನಿಗೆ ‘ಸೆಟ್ ಐತಿ’ ಎನ್ನುವ ಒಂದು ಬಾಯಿ ಬೇಕು. ನಲ್ಲಿಗೆ ನೀರು ದಿನಗಟ್ಟಲೆ ಬಿಟ್ಟು ಬರುವ ಊರಿನಲ್ಲಿ ಅಷ್ಟರಿಂದಲೇ ಒಂದು ರಾತ್ರಿ ನಿದ್ದೆ ಬರುತ್ತದೆ. ನಾನೂ ಹೋಗುತ್ತೇನೆ.

ಆದರೂ ಓದುಗರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಸಿಮೆಂಟಿಗೆ ಕೂಡ ಸೆಟ್ ಆಗಲು ನಿಯಮ ಇದೆ: 30 ನಿಮಿಷಕ್ಕಿಂತ ಮೊದಲು ಶುರುವಾಗಬಾರದು, 600 ನಿಮಿಷ ಮೀರಬಾರದು. ಮುಂದಿನ ಸಲ ನಿಮ್ಮ ಓಣಿಯ ಕಾಕಾ ಸೆಟ್ ಐತಿ ಎಂದಾಗ, ದೋಸೆ ಬರುವುದಕ್ಕೆ ಮುಂಚೆಯೇ ಕೇಳಿಬಿಡಿ: “ಎಷ್ಟ್ ತಾಸಿಂದ್ರಿ ಕಾಕಾ, ಈ ಸೆಟ್ಟು?”