‘ಬ್ರ್ಯಾಂಡು ಆಮೇಲೆ ಕೇಳಿ, ಮೊದಲು ಟೇಪು ಹಿಡೀರಿ’

ಗಾಂಧಿನಗರದ ಹಳೇ ಲಾಡ್ಜೊಂದರ ಎರಡನೇ ಮಹಡಿ. ಸಿನಿಮಾದವರು ಕಥೆ ಚರ್ಚೆಗೆಂದು ರೂಮು ಹಾಕುತ್ತಿದ್ದ ಕಾಲದಿಂದಲೂ ಇಲ್ಲಿನ ತೇಗದ ಬಾಗಿಲೊಂದರಲ್ಲಿ ಕೂತಿರುವ ಮಾರ್ಟೈಸ್ ಲಾಕ್ ಈ ವಾರ ನಿವೃತ್ತಿಯಾಗುತ್ತಿದೆ. ನಾಲಿಗೆ ಸವೆದಿದೆ, ಮಾತಿಗೇನೂ ಬರವಿಲ್ಲ.

ಯಾಕೆ ಸ್ವಾಮಿ ಈ ನಿವೃತ್ತಿ?

ಲಿವರ್‌ಗಳ ಸ್ಪ್ರಿಂಗು ಹೋಗಿದೆ. ಕೀ ಸುತ್ತುತ್ತೆ, ಒಳಗೆ ಏನೂ ಆಗಲ್ಲ. ವಯಸ್ಸಾಯ್ತು, ಬೇಜಾರಿಲ್ಲ. ನನ್ನ ಜಾಗಕ್ಕೆ ಬರೋರನ್ನ ಹುಡುಕ್ತಿರೋ ರೀತಿ ನೋಡಿ ಬೇಜಾರು. ಮ್ಯಾನೇಜರು ಮೊಬೈಲಲ್ಲಿ ನನ್ನ ಫೋಟೋ ಹೊಡೆದು, ಎಸ್‌ಜೆಪಿ ರೋಡಿಗೆ ರೂಮ್‌ಬಾಯ್‌ನ ಓಡಿಸಿದ್ರು. ಫೋಟೋದಲ್ಲಿ ನಾನು ಬೆಂಕಿಪೊಟ್ಟಣದಷ್ಟೂ ಇರಬಹುದು, ಬೀರುವಿನಷ್ಟೂ ಇರಬಹುದು. ಅಂಗಡಿಯವರು ‘ಸೆಂಟರ್ ಎಷ್ಟಪ್ಪಾ?’ ಅಂದ್ರಂತೆ. ಇವನು ‘ಸಿಟಿ ಸೆಂಟರಲ್ಲೇ ಸಾರ್, ಮೆಜೆಸ್ಟಿಕ್ ಹತ್ರ’ ಅಂದನಂತೆ.

ಸೆಂಟರ್ ಅಂದರೆ ಏನು? ನನಗೂ ಸ್ವಲ್ಪ ಬಿಡಿಸಿ ಹೇಳಿ.

ಹ್ಯಾಂಡಲ್ಲಿನ ಚೌಕ ಸರಳು ತೂರೋ ತೂತಿದೆಯಲ್ಲ, ಅದರ ನಡುವಿನಿಂದ ಕೀ ತೂತಿನ ನಡುವಿಗೆ ಇರೋ ದೂರ. ನಂದು ಎರಡೂವರೆ ಇಂಚು, 63.5 ಮಿ.ಮೀ. ಈಗ ಅಂಗಡಿಯಲ್ಲಿ ಸುಲಭವಾಗಿ ಕೈಗೆ ಸಿಗೋದು 85ರ ಪೀಳಿಗೆ. ತಂದು ತುರುಕಿದ್ರೆ ಕೀ ತೂತು 21.5 ಮಿ.ಮೀ. ಕೆಳಗಿಳಿಯುತ್ತೆ. ಹಳೇ ತೂತು ಬಾಯಿ ಬಿಟ್ಕೊಂಡು ನಿಂತಿರುತ್ತೆ. ಅದನ್ನ ಮುಚ್ಚೋಕೆ ಗೇಣುದ್ದದ ಹಿತ್ತಾಳೆ ಪ್ಲೇಟು ಹೊಡೀತಾರೆ. ನೋಡಿದವರು ‘ಎಷ್ಟು ಗ್ರ್ಯಾಂಡಾಗಿದೆ!’ ಅಂತಾರೆ.

ಇನ್ನು ಬ್ಯಾಕ್‌ಸೆಟ್. ಬಾಗಿಲ ಅಂಚಿನಿಂದ ಅದೇ ಕೀ ತೂತಿನ ನಡುವಿಗೆ ಎಷ್ಟು ದೂರ ಅನ್ನೋದು. ಅದು ತೀರಾ ಕಮ್ಮಿಯಾದ್ರೆ ಕೀ ತಿರುಗಿಸುವಾಗಲೆಲ್ಲ ಬೆರಳ ಗೆಣ್ಣು ಚೌಕಟ್ಟಿಗೆ ತರಚುತ್ತೆ. ಜನ ಬೈಯೋದು ಬೀಗಾನ! ಆಮೇಲೆ ಅಂಚಿನ ಪಟ್ಟಿಯ ಉದ್ದ ಅಗಲ, ಒಳಗಿರೋ ಪೆಟ್ಟಿಗೆಯ ಆಳ, ಬಾಗಿಲ ದಪ್ಪ. ಹ್ಯಾಂಡಲ್ ಕಳಚಿ, ಅಂಚಿನ ಸ್ಕ್ರೂ ಬಿಚ್ಚಿ, ನನ್ನನ್ನ ಎಳೆದು ಮೇಜಿನ ಮೇಲೆ ಮಲಗಿಸಿ ಸ್ಟೀಲ್ ಸ್ಕೇಲು ಹಿಡಿದ್ರೆ ಕಾಫಿ ಆರೋದ್ರೊಳಗೆ ಮುಗಿಯೋ ಕೆಲಸ. ಅದೂ ಬೇಡ ಅಂದ್ರೆ ನನ್ನನ್ನೇ ಒಂದು ಕವರಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗ್ಲಿ.

ಸಿಲಿಂಡರ್ ಬೀಗದವರದ್ದೂ ಇದೇ ಪಾಡೇ?

ಅವರದ್ದು ಇನ್ನೊಂದು ಗೋಳು. ಸಿಲಿಂಡರನ್ನ ಹಿಡಿದಿಡೋ ಸ್ಕ್ರೂವಿನ ತೂತಿನಿಂದ ಎರಡೂ ಕಡೆಗೆ ಬೇರೆಬೇರೆಯಾಗಿ ಅಳೀಬೇಕು. ‘ಒಟ್ಟು 70’ ಅಂದ್ರೆ ಸಾಲದು. 35-35 ಇರಬಹುದು, 30-40 ಇರಬಹುದು. ತಪ್ಪಿದ್ರೆ ಒಂದು ಕಡೆ ಮೂಗು ಹೊರಗೆ, ಇನ್ನೊಂದು ಕಡೆ ಗುಳಿ.

ಇಂಚೋ, ಮಿಲಿಮೀಟರೋ?

ಮೆಟ್ರಿಕ್ ಕಾಯಿದೆ ಬಂದಿದ್ದು 1956ರಲ್ಲಿ. ಬಡಗಿ ಇವತ್ತಿಗೂ ಇಂಚು, ನೂಲು ಅಂತಾನೆ; ಇಂಚಿಗೆ ಎಂಟು ನೂಲು. ಕಂಪನಿ ಕ್ಯಾಟಲಾಗು ಮಿಲಿಮೀಟರಲ್ಲಿ. ಗಿರಾಕಿ ಎರಡು ಬೆರಳು ಅಗಲಿಸಿ ‘ಇಷ್ಟು’ ಅಂತ ತೋರಿಸ್ತಾನೆ, ಅಂಗಡಿ ತಲುಪೋ ಹೊತ್ತಿಗೆ ಬೆರಳೂ ಮಡಚಿಕೊಂಡಿರುತ್ತೆ.

ತಮ್ಮ ವಂಶ?

(ಇಲ್ಲಿ ಬೀಗ ಸ್ವಲ್ಪ ಉಬ್ಬಿತು.) ತವರು ಅಲಿಗಢ. ದಿಂಡಿಗಲ್ಲಿನ ದಾಯಾದಿಗಳಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ತು, ಅವತ್ತಿಂದ ಮಾತಾಡಿಸಲ್ಲ. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಕಾರ್ಖಾನೆ ಶುರು ಮಾಡಿದ್ದೇ ಬೀಗದಿಂದ. ಬೀರು ಬಂದಿದ್ದು ಆಮೇಲೆ. ಮಾನ ಹೋಗಿದ್ದೂ ಉಂಟು. 1851ರ ಲಂಡನ್ ಪ್ರದರ್ಶನದ ಹೊತ್ತಲ್ಲಿ ಹಾಬ್ಸ್ ಅನ್ನೋ ಅಮೆರಿಕದವನು, ಯಾರೂ ತೆಗೆಯಲಾಗದು ಅಂತಿದ್ದ ಚಬ್ ಬೀಗಾನ ಅರ್ಧ ಗಂಟೆಯೊಳಗೆ ತೆಗೆದುಬಿಟ್ಟ. ಅದನ್ನ ಬರ್ಕೋಬೇಡಿ.

ಈ ಕೋಣೆಯಲ್ಲಿ ಎಷ್ಟೋ ಕಥೆ ಕೇಳಿರಬೇಕು.

ಕಥೆಗಿಂತ ಕೆತ್ತನೆ ಕೇಳಿದ್ದೇ ಜಾಸ್ತಿ. ಹೀರೋ ಮೊದಲೇ ಗೊತ್ತಾಗಿರೋರು. ಕಥೇನ ಅವರ ಅಳತೆಗೆ ಉಳಿ ಹಿಡಿದು ಕೆತ್ತೋರು. ಎಂಟ್ರಿಗೆ ಜಾಗ ಸಾಲದು ಅಂತ ತಾಯಿ ಪಾತ್ರ ಅರ್ಧ ಹೋಯ್ತು. ಫೈಟಿಗೆ ಅಂತ ಇನ್ನೊಂದು ತೂತು. ಬೆಳಗಿನ ಜಾವಕ್ಕೆ ನೋಡಿದ್ರೆ ಬೀಗ ಫಳಫಳ, ಬಾಗಿಲೇ ಇಲ್ಲ. ರೀಮೇಕಿನವರನ್ನ ಜನ ಆಡಿಕೊಳ್ತಾರೆ, ನಾನು ಆಡಿಕೊಳ್ಳಲ್ಲ. ಅವರಾದ್ರೂ ಹಳೇದನ್ನ ಬಿಚ್ಚಿ ಮುಂದಿಟ್ಕೊಂಡು ಕೂರ್ತಿದ್ರು.

ಥಿಯೇಟರುಗಳಿಗೆ ಬೀಗ ಬೀಳುತ್ತಿದೆಯಲ್ಲ, ನಿಮ್ಮವರಿಗೆ ಕೈತುಂಬ ಕೆಲಸ?

ಅಲ್ಲಿ ಜಡಿಯೋದು ನೇತಾಡೋ ಬೀಗ, ನಮ್ಮ ಶಾಖೆ ಅಲ್ಲ. ಅದಕ್ಕೂ ಕೆಲಸ ಎಲ್ಲಿದೆ? ಕಪಾಲಿ ಹೋಯ್ತು. ಮೆಜೆಸ್ಟಿಕ್ ಟಾಕೀಸಂತೂ ತನ್ನ ಹೆಸರನ್ನ ಬಸ್ ಕಂಡಕ್ಟರುಗಳಿಗೆ ಬರೆದುಕೊಟ್ಟು ಯಾವತ್ತೋ ಹೊರಟುಹೋಯ್ತು.

ಮುಂದೆ ಬೆರಳಚ್ಚಿನ ಬೀಗ ಹಾಕುತ್ತಾರಂತೆ.

ಹಾಕಲಿ. ಹೊಟ್ಟೆಯಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲು, ಅವು ಸತ್ತ ದಿನ ಗಿರಾಕಿ ಕಾರಿಡಾರಲ್ಲಿ. ಆದ್ರೆ ಅವನಿಗೂ ಬಾಗಿಲೊಳಗೆ ಕೂರೋಕೆ ಪೆಟ್ಟಿಗೆ ಇದೆ, ಬ್ಯಾಕ್‌ಸೆಟ್ ಇದೆ. ಬೆರಳು ಇಡೋಕೆ ಮುಂಚೆ ಯಾರಾದ್ರೂ ಟೇಪು ಇಡಲೇಬೇಕು.

ಅಷ್ಟರಲ್ಲಿ ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರು. ಮುಖದಲ್ಲಿ ಗೆಲುವು.

‘ಸಾರ್, ಸಮಸ್ಯೆ ಬಗೆಹರೀತು. ಓನರ್ ಹೇಳಿದ್ರು, ಬೀಗ ಹುಡುಕೋ ತಲೆನೋವೇ ಬೇಡ, ಇಡೀ ಬಾಗಿಲೇ ಹೊಸದು ಹಾಕಿಸಿಬಿಡಿ ಅಂತ. ಆರ್ಡರೂ ಕೊಟ್ಟಾಯ್ತು.’

ಬೀಗ ಮೆಲ್ಲಗೆ ಕೇಳಿತು: ‘ಚೌಕಟ್ಟಿನ ಅಳತೆ ತಗೊಂಡ್ರಾ?’

‘ಫೋಟೋ ಕಳಿಸಿದ್ದೀನಿ’ ಎಂದರು ಮ್ಯಾನೇಜರು.