ಕರುಳುವಾಸಿಯ ತಕರಾರು

ಉಮರ್ಗಾ, ನಿಲಂಗಾ, ಉದಗೀರ ಕಡೆ ಮಳೆಗಾಲ ಹಿಡಿದರೆ ನೆಗಡಿ-ಕೆಮ್ಮು ಬಿಡುವುದಿಲ್ಲ. ಡಾಕ್ಟರ ಚೀಟಿ ಇಲ್ಲದೆಯೇ ಮೆಡಿಕಲ್ ಅಂಗಡಿಗೆ ಹೋಗಿ "ಮೂರು ದಿನದ ಗುಳಿಗಿ ಕೊಡ್ರಿ" ಎನ್ನುವವರಿಗೂ ಕೊರತೆಯಿಲ್ಲ. ಅಂಥ ಆಂಟಿಬಯೋಟಿಕ್ ಗುಳಿಗಿಯ ಏಟಿಗೆ ಸಿಕ್ಕೂ ಬದುಕುಳಿದ ಉದಗೀರದ ಕರುಳುವಾಸಿ ಬ್ಯಾಕ್ಟೀರಿಯಾ ಒಂದು ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಹೊರಗೆ ಕರೆಯಬಾರದು. ಅದಕ್ಕೆ ಆಮ್ಲಜನಕ ಆಗಿಬರುವುದಿಲ್ಲ.

ಹೆಸರು ಕೇಳಿದ್ದೇ ತಡ, ಸಿಡುಕಿತು. "ಮೊದಲ ಕ್ಲಾಸ್ಟ್ರಿಡಿಯಂ ಆರ್ಬಿಸಿಂಡೆನ್ಸ್ ಅಂತಿದ್ರು. 2010ರಾಗ ಫ್ಲಾವೊನಿಫ್ರ್ಯಾಕ್ಟರ್ ಮಾಡಿದ್ರು. ಉಮರ್ಗಾದವ್ರ ಜಿಲ್ಲಾ ಉಸ್ಮಾನಾಬಾದ್ ಹೋಗಿ ಧಾರಾಶಿವ ಆಗ್ಲಿಲ್ಲೇನ್ರಿ, ಹಂಗ."

ಫ್ಲೂ ತಡೆಯಲು ನೆರವಾಗುತ್ತೀರಂತೆ, ಕರುಳಿನಲ್ಲಿ ಕೂತು ಪುಪ್ಪುಸದ ವೈರಸ್ ಜೊತೆ ಹೇಗೆ ಬಡಿದಾಡುತ್ತೀರಿ ಎಂದು ವರದಿಗಾರ ಕೇಳಿದ.

"ನಾ ಬಡಿದಾಡೂದಿಲ್ರಿ, ಸುದ್ದಿ ಮುಟ್ಟಸ್ತೀನಿ. ನೀವು ರೊಟ್ಟಿ ಜೋಡಿ ಕಡಿಯೋ ಉಳ್ಳಾಗಡ್ಡಿ, ಕುಡಿಯೋ ಚಹಾದಾಗ ಫ್ಲೇವನಾಯ್ಡ್ ಇರ್ತಾವ. ಅವನ್ನ ಒಡದು ಡೆಸಮೈನೊಟೈರೊಸಿನ್ ಮಾಡ್ತೀನಿ. ಅದು ಮೈಯಾಗ ವೈರಸ್ ತಡಿಯೋ ಇಂಟರ್‌ಫೆರಾನ್ ಪಡೆಯನ್ನ ಎಚ್ಚರ ಇಡ್ತದ."

ಬಡಾಯಿಯಲ್ಲ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ರಾಸಾಯನಿಕವನ್ನು ಮುಂಚಿತವಾಗಿ ಪಡೆದ ಇಲಿಗಳು ಇನ್‌ಫ್ಲುಯೆಂಜಾವನ್ನು ಚೆನ್ನಾಗಿ ತಡೆದುಕೊಂಡವು. ವೈರಸ್ ಹೊಕ್ಕ ಮೇಲೆ ಕೊಟ್ಟಾಗ ಆ ರಕ್ಷಣೆ ಸಿಗಲಿಲ್ಲ.

"ಇಲಿ ಕಥೆಯಾಯಿತು, ಮನುಷ್ಯರದು?"

"ಮನುಷ್ಯರಾಗ ನನ್ನ ಕೆಲಸ ಇನ್ನೂ ಸಾಬೀತಾಗಿಲ್ರಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಒಡಿಶಾದಾಗ ನಮ್ಮ ದೂರದ ಬೀಗ ಲ್ಯಾಕ್ಟೊಬ್ಯಾಸಿಲಸ್ ಹೆಸರು ಮಾಡ್ಯಾನ."

ಅದೂ ನಿಜ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳ ಅಧ್ಯಯನ 2017ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಪಡೆದ ಕೂಸುಗಳಲ್ಲಿ ರಕ್ತನಂಜು ಮತ್ತು ಸಾವು ಒಟ್ಟಾಗಿ ಶೇ 40ರಷ್ಟು ಕಡಿಮೆ. ಶ್ವಾಸಕೋಶದ ಸೋಂಕುಗಳೂ ಇಳಿದಿದ್ದವು.

ಹಾಗಾದರೆ ತಕರಾರೇನು?

"ವೈರಸ್ ಬಂದ್ರ ಬ್ಯಾಕ್ಟೀರಿಯಾ ಕೊಲ್ಲೋ ಗುಳಿಗಿ ನುಂಗ್ತೀರಿ! ಕಳ್ಳ ಹೊಕ್ಕಾನಂತ ಕಾವಲುಗಾರನ್ನ ಹೊಡದ್ಹಂಗ. ವೈರಸ್‌ಗೆ ಕೂದಲೂ ಕೊಂಕೂದಿಲ್ಲ, ನಮ್ಮ ಓಣಿಯೆಲ್ಲ ಖಾಲಿ."

ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ತಂಡ 2011ರಲ್ಲಿ ಕಂಡದ್ದೂ ಇದನ್ನೇ: ಆಂಟಿಬಯೋಟಿಕ್ ಕುಡಿಸಿದ ಇಲಿಗಳ ರೋಗನಿರೋಧಕ ವ್ಯವಸ್ಥೆ ಫ್ಲೂ ವೈರಸ್ಸಿನ ಮುಂದೆ ಮಂಕಾಗಿತ್ತು.

ವರದಿಗಾರ ಜೇಬಿನಲ್ಲಿದ್ದ ಗುಳಿಗಿಯ ಸ್ಟ್ರಿಪ್ ತಿರುಗಿಸಿ ನೋಡಿದ. ಬೆಳ್ಳಿ ಬಣ್ಣದ ಹಾಳೆಯ ಅಂಚಿನಲ್ಲಿ ಉದ್ದಕ್ಕೂ ಒಂದು ಕೆಂಪು ಗೆರೆ. ವೈದ್ಯರ ಚೀಟಿಯಿಲ್ಲದೆ ಇದನ್ನು ತೆಗೆದುಕೊಳ್ಳಬಾರದು ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಪ್ರಚಾರ ಮಾಡಿತ್ತು. ಈ ಮಳೆಗಾಲದ ನೆಗಡಿಗೆ ಅಂಗಡಿಯವರ ಮುಂದೆ ಕೈಚಾಚುವ ಮೊದಲು ಓದುಗರು ಆ ಗೆರೆಯನ್ನೊಮ್ಮೆ ನೋಡಿಕೊಳ್ಳಲಿ. ಆಂಟಿಬಯೋಟಿಕ್ ಬೇಕೋ ಬೇಡವೋ ಡಾಕ್ಟರು ಹೇಳಲಿ.